ಎರಿ ಹೊಲದ ಮೇಲೆ ಊರು ಕಟ್ಟುವವರಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಬಗ್ಗೆ ವೇದಿಕೆ ಮೇಲೆ ಮಾತಾಡುವವರೆಲ್ಲ ಒಂದೇ ರೋಗ ಹೇಳುತ್ತಾರೆ, ಒಂದೇ ಮದ್ದು ಬರೆದು ಕೊಡುತ್ತಾರೆ. ರೋಗವೆಂದರೆ ನಮ್ಮ ಊರುಗಳು ಸಣ್ಣವು. ಮದ್ದೆಂದರೆ ಅವು ದೊಡ್ಡವಾಗಬೇಕು. ಪುರಸಭೆ ನಗರಸಭೆಯಾಗಲಿ, ತಾಲ್ಲೂಕು ಜಿಲ್ಲೆಯಾಗಲಿ, ಬೈಪಾಸ್ ಬರಲಿ, ಬೈಪಾಸಿನ ಎರಡೂ ಬದಿ ಪ್ಲಾಟ್ ಬೀಳಲಿ, ಎಕರೆ ಲೆಕ್ಕ ಹೋಗಿ ಚದರಡಿ ಲೆಕ್ಕ ಬರಲಿ. ಹಾಗಾದರೆ ಊರಿನ ಜೊತೆ ರೈತನೂ ಮೇಲೆ ಬರುತ್ತಾನೆ ಎನ್ನುವುದು ಇವರ ನಂಬಿಕೆ. ಹೊಲ ಉಳಿಯಲಿ ಎಂದವನಿಗೆ ಈ ಭಾಗ ಹಿಂದುಳಿದೇ ಇರಲಿ ಎನ್ನುವವನು ಎಂಬ ಹಣೆಪಟ್ಟಿ ಕಾದಿರುತ್ತದೆ.

ನಾನು ಈ ನಂಬಿಕೆಯನ್ನು ಒಪ್ಪುವುದಿಲ್ಲ. ಇದು ತಲೆಕೆಳಗಾದ ಮಾತು. ಈ ನಾಲ್ಕೂ ಊರುಗಳನ್ನು ಇಷ್ಟು ವರ್ಷ ಸಾಕಿದ್ದು ಸುತ್ತಲಿನ ಕಪ್ಪು ಮಣ್ಣಿನ ಎರಿ ಭೂಮಿ. ಅದನ್ನೇ ನುಂಗಿ ಊರು ಬೆಳೆಸುತ್ತೇವೆ ಎನ್ನುವವರು ಊರಿನ ಅನ್ನದ ಮೂಲಕ್ಕೇ ಕೈ ಹಾಕುತ್ತಿದ್ದಾರೆ.

ಮೊದಲು ಅವರ ವಾದವನ್ನು ಅದರ ಪೂರ್ತಿ ಬಲದಲ್ಲೇ ಕೇಳೋಣ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಶೇ 38.67ರಷ್ಟು ಜನ ನಗರವಾಸಿಗಳು. ಆಗಿನ್ನೂ ಬಿಜಾಪುರ ಎನಿಸಿಕೊಂಡಿದ್ದ ವಿಜಯಪುರ ಜಿಲ್ಲೆಯಲ್ಲಿ ಆ ಪಾಲು ಸುಮಾರು ಶೇ 23. ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದೂ ಆಗ 40 ಸಾವಿರ ಜನಸಂಖ್ಯೆ ಮುಟ್ಟಿರಲಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ನಮ್ಮ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಪ್ರತಿ ವರ್ಷ ದೀಪಾವಳಿ ಆಸುಪಾಸಿಗೆ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಟ್ರ್ಯಾಕ್ಟರ್ ಏರಿ ಹೊರಡುತ್ತವೆ. ಗೋವಾ, ಪುಣೆ, ಮುಂಬೈಯ ಕಟ್ಟಡಗಳ ಕೆಳಗೆ ನಮ್ಮ ಮಂದಿಯ ಶೆಡ್ಡುಗಳಿವೆ. ಊರು ಸಣ್ಣದು, ಬಡತನ ದೊಡ್ಡದು, ಆದ್ದರಿಂದ ಊರು ದೊಡ್ಡದಾದರೆ ಬಡತನ ಸಣ್ಣದಾಗುತ್ತದೆ. ಕೇಳಿದರೆ ಹೌದೆನಿಸುವ ವಾದ.

ಆದರೆ ಅದೇ ಜನಗಣತಿಯನ್ನು ಇನ್ನೆರಡು ಪುಟ ತಿರುವಿ ನೋಡಿ. ಕೊಡಗಿನಲ್ಲಿ ನಗರವಾಸಿಗಳು ಶೇ 15ಕ್ಕೂ ಕಡಿಮೆ. ಮಂಡ್ಯದಲ್ಲಿ ಶೇ 17ರ ಆಸುಪಾಸು. ಎರಡೂ ವಿಜಯಪುರಕ್ಕಿಂತ ಹೆಚ್ಚು ಹಳ್ಳಿಗಾಡು ಜಿಲ್ಲೆಗಳು. ಹಾಗೆಂದು ಅವನ್ನು ನಮಗಿಂತ ಬಡ ಜಿಲ್ಲೆಗಳೆಂದು ಯಾರೂ ಕರೆಯುವುದಿಲ್ಲ. ಇತ್ತ ಕಲಬುರಗಿ ಜಿಲ್ಲೆಯಲ್ಲಿ ನಗರದ ಪಾಲು ಶೇ 32 ದಾಟಿತ್ತು, ಆದರೂ ಅದರ ಬಹುಪಾಲು ತಾಲ್ಲೂಕುಗಳು ನಂಜುಂಡಪ್ಪ ಪಟ್ಟಿಯ ತಳದಲ್ಲೇ ಇದ್ದವು. ರಾಜ್ಯದ ಶೇ 38ರ ಲೆಕ್ಕವೂ ಬೆಂಗಳೂರು ಎಂಬ ಒಂದೇ ಊರಿನಿಂದ ಉಬ್ಬಿದ್ದು. ಬೆಂಗಳೂರನ್ನು ತೆಗೆದಿಟ್ಟರೆ ಉಳಿದ ಕರ್ನಾಟಕದ ನಗರ ಪಾಲು ಶೇ 30ಕ್ಕಿಂತ ಕೆಳಗಿಳಿಯುತ್ತದೆ. ಕೊಡಗಿಗೆ ಕಾಫಿ ಇದೆ, ಮಂಡ್ಯಕ್ಕೆ ಕಾಲುವೆ ನೀರು, ಕಬ್ಬು, ಸಕ್ಕರೆ ಕಾರ್ಖಾನೆ ಇವೆ. ಅಲ್ಲಿ ನೆಲದಿಂದ ಎದ್ದ ಬೆಳೆಗೆ ಬೆಲೆ ಕಟ್ಟುವ ವ್ಯವಸ್ಥೆ ನೆಲದ ಹತ್ತಿರವೇ ಬಂತು. ಹಿಂದುಳಿದಿದ್ದಕ್ಕೂ ಊರಿನ ಗಾತ್ರಕ್ಕೂ ಇವರು ಹಾಕುವ ಗಂಟು ಇಲ್ಲಿಗೇ ಬಿಚ್ಚಿಹೋಗುತ್ತದೆ.

ಇನ್ನು ನೆಲದ ಮಾತಿಗೆ ಬರೋಣ. ಈ ಚರ್ಚೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡುವವರೇ ಇಲ್ಲ.

ಡೋಣಿ ನದಿ ಸಾಲಿನ ಎರಿ ಎಂದರೆ ಆಳಾದ ಕಪ್ಪು ಮಣ್ಣು. ನಮ್ಮಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಅದೂ ನೆಚ್ಚಿಕೆಯಿಲ್ಲದ್ದು. ಆದರೂ ಈ ಮಣ್ಣಿನಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುತ್ತದೆ. ಒಂದು ಬೋರ್ ಬೇಡ, ಒಂದು ಕಾಲುವೆ ಬೇಡ. ಮುಂಗಾರಿ ತಿಂಗಳುಗಳಲ್ಲಿ ಹೊಲವನ್ನು ಹರಗಿ ಹರಗಿ ಬಿಡುತ್ತಾರೆ. ಬಿದ್ದ ನೀರು ಒಡ್ಡಿನೊಳಗೆ ನಿಂತು ಕೆಳಗಿಳಿಯುತ್ತದೆ. ಉತ್ತರಿ, ಹಸ್ತ ಮಳೆಯ ಹದ ನೋಡಿ ಕೂರಿಗೆ ಹೂಡಿದರೆ ಮುಂದಿನ ನಾಲ್ಕು ತಿಂಗಳು ಆ ಬೆಳೆ ಮಣ್ಣು ಹಿಡಿದಿಟ್ಟ ತೇವವನ್ನೇ ಕುಡಿದು ತೆನೆ ಕಟ್ಟುತ್ತದೆ. ಸುಗ್ಗಿಯ ಹೊತ್ತಿಗೆ ಹೊಲ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಡುತ್ತದೆ. ಮುಂದಿನ ಮಳೆ ಆ ಬಿರುಕಿನಿಂದಲೇ ಆಳಕ್ಕಿಳಿಯುತ್ತದೆ. ಕಾಳು ಮನುಷ್ಯರಿಗೆ, ಕಣಿಕೆ ದನಕ್ಕೆ. ಇಷ್ಟು ಕಡಿಮೆ ನೀರಿನಲ್ಲಿ ಇಷ್ಟು ಜನ ಮತ್ತು ಜಾನುವಾರು ಬದುಕುವಂತೆ ಮಾಡಿದ ಮಣ್ಣು ಇದು. ಡೋಣಿ ಹರಿದರೆ ಓಣಿಗೆಲ್ಲ ಕಾಳು ಎಂದು ನಮ್ಮ ಹಿರಿಯರು ಆಡುತ್ತಿದ್ದದ್ದು ಈ ಅನುಭವದಿಂದ.

ಈ ಮಣ್ಣಿಗೆ ಒಂದು ಗುಣ ಇದೆ, ನಮ್ಮ ಗೌಂಡಿಗಳಿಗೆಲ್ಲ ಅದು ಗೊತ್ತು. ಮನೆ ಕಟ್ಟಲು ಇದಕ್ಕಿಂತ ಕೆಟ್ಟ ನೆಲ ಇಲ್ಲ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲೆ ನಿಂತ ಗೋಡೆ ಮೂಲೆಯಿಂದ ಸೀಳುತ್ತದೆ, ನೆಲಹಾಸು ಎದ್ದು ನಿಲ್ಲುತ್ತದೆ. ಗಟ್ಟಿ ನೆಲ ಸಿಗುವ ತನಕ ಅಗೆದು, ಗರಸು ತಂದು ತುಂಬಿ, ಪಾಯಕ್ಕೇ ಅರ್ಧ ದುಡ್ಡು ಸುರಿದ ಮೇಲೂ ನೆಮ್ಮದಿ ಇಲ್ಲ. ಅದೇ ತಾಲ್ಲೂಕುಗಳಲ್ಲಿ, ಅನೇಕ ಕಡೆ ಒಂದೆರಡು ಮೈಲಿಯೊಳಗೇ, ಮಡ್ಡಿ ನೆಲವಿದೆ. ಗೇಣುದ್ದ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕಲ್ಲು. ಬೆಳೆ ಅಷ್ಟಕ್ಕಷ್ಟೆ, ಮನೆಗೆ ಮಾತ್ರ ಹೇಳಿ ಮಾಡಿಸಿದ ಜಾಗ. ನಮ್ಮ ಹಳೆಯ ಊರುಗಳು ದಿನ್ನೆ ಹಿಡಿದು, ಮಡ್ಡಿ ಹಿಡಿದು ಕೂತಿದ್ದು ಸುಮ್ಮನೆ ಅಲ್ಲ. ಅವರು ಎರಿ ಹೊಲವನ್ನು ಕೂರಿಗೆಗೆ ಬಿಟ್ಟರು, ಮಡ್ಡಿಯನ್ನು ಮನೆಗೆ ಇಟ್ಟುಕೊಂಡರು. ಯಾವ ನೆಲದಲ್ಲಿ ಊರು, ಯಾವ ನೆಲದಲ್ಲಿ ಬೆಳೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಬಹಳ ಹಿಂದೆಯೇ ಸಿಕ್ಕಿತ್ತು.

ಇವತ್ತು ಸಿಂದಗಿಯಿಂದಲೋ ಇಂಡಿಯಿಂದಲೋ ಹೊರಬೀಳುವ ಯಾವ ದೊಡ್ಡ ರಸ್ತೆ ಹಿಡಿದರೂ ಆ ಉತ್ತರವನ್ನು ಅಳಿಸಿಹಾಕಿದ್ದು ಕಾಣುತ್ತದೆ. ಹೊಲದ ಬಾಯಿಗೆ ಸಿಮೆಂಟಿನ ಕಮಾನು. ಒಳಗೆ ಗರಸು ಹಾಕಿದ ರಸ್ತೆ, ಸಾಲಾಗಿ ನೆಟ್ಟ ಬಣ್ಣ ಬಳಿದ ಕಲ್ಲು, ವಿದ್ಯುತ್ ಕಂಬ. ಮನೆ ಅಲ್ಲೊಂದು ಇಲ್ಲೊಂದು. ಉಳಿದ ಜಾಗದಲ್ಲಿ ಜಾಲಿ ಎದ್ದಿದೆ. ಒಡ್ಡು ಕಿತ್ತು ಸಮ ಮಾಡಿದ್ದರಿಂದ ಮಳೆ ನೀರಿಗೆ ನಿಲ್ಲುವ ಜಾಗವಿಲ್ಲ. ರಸ್ತೆ ಏರಿಸಿದ್ದರಿಂದ ಹರಿಯುವ ದಾರಿಯೂ ಇಲ್ಲ. ಅದು ಪಕ್ಕದ ಹೊಲದ ಒಡ್ಡು ಒಡೆದು ನುಗ್ಗುತ್ತದೆ. ಪಕ್ಕದವನು ಎರಡು ಮೂರು ವರ್ಷ ಜಗಳಾಡುತ್ತಾನೆ, ಆಮೇಲೆ ಅವನೂ ಏಜೆಂಟರ ಮಾತು ಕೇಳುತ್ತಾನೆ. ಈ ಪ್ಲಾಟುಗಳನ್ನು ಕೊಂಡವರಲ್ಲಿ ಮನೆ ಇಲ್ಲದವರು ಎಷ್ಟು ಜನ ಎಂದು ನೀವೇ ವಿಚಾರಿಸಿ ನೋಡಿ. ಮನೆಯಿಲ್ಲದವನಿಗೆ ಈ ಬೆಲೆ ನಿಲುಕದು. ಕೊಂಡವನು ಇನ್ನೊಬ್ಬನಿಗೆ ಮಾರಲು ಕೊಂಡವನು. ಅಲ್ಲಿ ಜೋಳವೂ ಇಲ್ಲ, ಒಲೆಯೂ ಹೊತ್ತುವುದಿಲ್ಲ. ಇದನ್ನು ಊರು ಬೆಳೆಯಿತು ಎಂದು ಹೇಗೆ ಕರೆಯುವುದು?

ನೆಲ ನೋಡದೆ ಕಟ್ಟುವುದು ಆಟದಲ್ಲೂ ನಡೆಯುವುದಿಲ್ಲ. ನಮ್ಮ ಹುಡುಗರು ಕಂಪ್ಯೂಟರಿನಲ್ಲಿ ಆಡುವ ರಾಜ್ಯ ಕಟ್ಟುವ ಆಟಗಳಲ್ಲಿ ಸಿವಿಲೈಸೇಶನ್ ಎಂಬುದು ಹೆಸರುವಾಸಿ. 2016ರಲ್ಲಿ ಬಂದ ಅದರ ಆರನೇ ಆವೃತ್ತಿಯಲ್ಲಿ ಹೊಲವಿದ್ದ ತುಂಡಿನ ಮೇಲೆ ಪೇಟೆಯನ್ನೋ ಕಾರ್ಖಾನೆಯ ಬಡಾವಣೆಯನ್ನೋ ಕಟ್ಟಿದರೆ ಆ ಹೊಲ ಹೋಗುತ್ತದೆ, ಅದರಿಂದ ಬರುತ್ತಿದ್ದ ಅನ್ನ ನಿಲ್ಲುತ್ತದೆ, ಅನ್ನ ಕಡಿಮೆಯಾದರೆ ಊರಿನ ಬೆಳವಣಿಗೆಯೂ ಕುಂಟುತ್ತದೆ. ಆದ್ದರಿಂದ ಆಡುವವನು ಕಟ್ಟುವ ಮುಂಚೆ ಆ ತುಂಡಿನ ನೆಲ ಎಂಥದು ಎಂದು ನೋಡಲೇಬೇಕು. ಮಾಯದ ರಾಜ್ಯ ಆಳುವ ಹುಡುಗನಿಗೆ ಇರುವ ಈ ಕಟ್ಟುಪಾಡು ನಿಜದ ಜಿಲ್ಲೆ ಆಳುವವರಿಗೆ ಇಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸುವ ಎನ್‌ಎ ಅರ್ಜಿ ಹಾಕಿದಾಗ ತಕರಾರು ಇದೆಯೇ, ಸರ್ಕಾರದ ಸ್ವಾಧೀನಕ್ಕೆ ಸೇರಿದೆಯೇ, ಶುಲ್ಕ ಕಟ್ಟಿದ್ದಾರೆಯೇ ಎಂದು ನೋಡುತ್ತಾರೆ. ಮಣ್ಣು ಎರಿಯೋ ಮಡ್ಡಿಯೋ ಎಂಬುದಕ್ಕೆ ಅಲ್ಲಿ ತೂಕವಿಲ್ಲ.

ಇದು ತಿಳಿಯದ ವಿಷಯವಂತೂ ಅಲ್ಲ. ಮುಂಬೈ ಪ್ರಾಂತದ ಕಾಲದಲ್ಲೇ ಈ ಸೀಮೆಯ ಪ್ರತಿ ಸರ್ವೆ ನಂಬರಿನ ಮಣ್ಣಿನ ಆಳ ಅಳೆದು, ದರ್ಜೆ ಕಟ್ಟಿ, ಅದರ ಮೇಲೆ ಕಂದಾಯದ ಆಕಾರ ನಿಗದಿ ಮಾಡಿದ್ದರು. ಇವತ್ತಿನ ಉತಾರದಲ್ಲೂ (ಪಹಣಿ) ಮಣ್ಣಿನ ನಮೂನೆಗೆಂದೇ ಒಂದು ಕಾಲಂ ಇದೆ. ಯಾವ ಹೊಲ ಉತ್ತಮ, ಯಾವುದು ಕನಿಷ್ಠ ಎಂಬ ಮಾಹಿತಿ ಸರ್ಕಾರದ ಕೈಯಲ್ಲೇ ಇದೆ. ತೆರಿಗೆ ಎತ್ತಲು ಆ ದರ್ಜೆ ಬೇಕಾಯಿತು, ಹೊಲ ಉಳಿಸಲು ಮಾತ್ರ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಇದರ ಮೇಲೆ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಬೇಸಾಯ ಮಾಡದವನೂ, ಎಷ್ಟೇ ಆದಾಯವಿದ್ದವನೂ ಕೃಷಿ ಭೂಮಿ ಕೊಳ್ಳಬಹುದಾಯಿತು. ರೈತನಿಗೆ ಒಳ್ಳೆಯ ಬೆಲೆ ಬರಲಿ ಎಂದು ಹಾಗೆ ಮಾಡಿದ್ದೇವೆ ಎಂದರು. ಊರ ಅಂಚಿನ ಹೊಲಗಳಿಗೆ ಬೆಲೆ ಬಂದದ್ದು ನಿಜ. ಅದರಿಂದ ಆದದ್ದೇನೆಂದರೆ, ಪಕ್ಕದ ಎರಡೆಕರೆ ಕೊಂಡು ಬೇಸಾಯ ಹಿಗ್ಗಿಸಬೇಕೆಂದಿದ್ದ ರೈತನಿಗೆ ಆ ಎರಡೆಕರೆ ಇನ್ನೆಂದೂ ಸಿಗದಾಯಿತು.

ಇಲ್ಲಿ ಒಂದು ಆಕ್ಷೇಪಕ್ಕೆ ನೇರ ಉತ್ತರ ಕೊಡಬೇಕು. ಮಾರುವವನೇ ರೈತ, ಅವನಿಗೆ ಬೇಡವಾದ ಹೊಲ ನಿಮಗೇಕೆ ಬೇಕು ಎಂದು ಕೇಳುತ್ತಾರೆ. ಸಾಲ ತಲೆ ಮೇಲೆ ಬಂದಾಗ, ಮಗಳ ಮದುವೆ ಎದುರು ನಿಂತಾಗ, ತೊಗರಿ ಬೆಲೆ ಸುಗ್ಗಿಯಲ್ಲೇ ನೆಲ ಕಚ್ಚಿದಾಗ ರೈತ ಮಾರುತ್ತಾನೆ. ಅವನನ್ನು ನಾನು ಒಂದು ಮಾತೂ ಅನ್ನುವುದಿಲ್ಲ. ಆದರೆ ಒಂದು ಹೊಲದಲ್ಲಿ ಉತಾರದಲ್ಲಿ ಹೆಸರಿದ್ದವನೊಬ್ಬನದೇ ಬದುಕು ಇರುವುದಿಲ್ಲ. ಲಾವಣಿ ಹಾಕಿಕೊಂಡವನು ಇದ್ದಾನೆ, ಪಾಲಿಗೆ ಮಾಡಿದವನು ಇದ್ದಾನೆ, ಕಸ ತೆಗೆಯಲು, ತೊಗರಿ ಕೊಯ್ಯಲು, ಲಿಂಬೆ ಆರಿಸಲು ಬರುವ ಹೆಣ್ಣುಮಕ್ಕಳಿದ್ದಾರೆ, ಕಣಿಕೆ ಕೊಂಡು ಎಮ್ಮೆ ಸಾಕುವವಳಿದ್ದಾಳೆ. ಖರೀದಿ ಪತ್ರದ ಮೇಲೆ ಇವರ ಸಹಿ ಇಲ್ಲ, ದುಡ್ಡಿನಲ್ಲಿ ಪಾಲೂ ಇಲ್ಲ. ಹೊಲ ಪ್ಲಾಟಾದ ಮರುವರ್ಷ ಗೋವಾ ಬಸ್ಸು ಹತ್ತುವವರು ಇವರೇ. ಗುಳೆ ತಪ್ಪಿಸಲು ಊರು ದೊಡ್ಡದಾಗಬೇಕು ಎನ್ನುವವರು ಈ ಲೆಕ್ಕಕ್ಕೆ ಉತ್ತರ ಕೊಡಲಿ.

ಊರಿನ ಗಡಿ ಹಿಗ್ಗಿದಾಗ ಇನ್ನೊಂದು ಪೆಟ್ಟು ಬೀಳುತ್ತದೆ, ಅದನ್ನು ಯಾರೂ ಮುಂಚೆ ಹೇಳುವುದಿಲ್ಲ. ನಗರಸಭೆ ಎನಿಸಿಕೊಳ್ಳಲು 50 ಸಾವಿರ ಜನ ಬೇಕು. ಊರೊಳಗೆ ಅಷ್ಟು ಜನ ಇಲ್ಲದಿದ್ದರೆ ಸುತ್ತಲಿನ ಹಳ್ಳಿ, ತಾಂಡಾಗಳನ್ನು ಸೇರಿಸಿ ಲೆಕ್ಕ ತುಂಬಿಸುವುದು ಸುಲಭದ ದಾರಿ. ಸೇರಿದ ದಿನದಿಂದ ಆ ಹಳ್ಳಿಗೆ ಗ್ರಾಮ ಪಂಚಾಯ್ತಿ ಇಲ್ಲ, ಉದ್ಯೋಗ ಖಾತ್ರಿ ಕೆಲಸ ಇಲ್ಲ, ತೆರಿಗೆ ಮಾತ್ರ ಪಟ್ಟಣದ್ದು. ಬೇಸಾಯದ ಮೇಲೆ ನಿಂತ ಕುಟುಂಬ ಕಾಗದದಲ್ಲಿ ನಗರವಾಸಿಯಾಗುತ್ತದೆ. ಜನಗಣತಿ ಇಲಾಖೆಯೇ ಒಂದು ಹಳ್ಳಿಯನ್ನು ಪಟ್ಟಣವೆಂದು ಗುರುತಿಸಲು ದುಡಿಯುವ ಗಂಡಸರಲ್ಲಿ ಶೇ 75ರಷ್ಟು ಮಂದಿ ಬೇಸಾಯದಾಚೆಯ ಕೆಲಸದಲ್ಲಿರಬೇಕು ಎನ್ನುತ್ತದೆ. ಪಟ್ಟಣವೆಂದರೆ ಕೆಲಸ ಎಂದು ಅದು ಒಪ್ಪಿಕೊಂಡಿದೆ. ನಮ್ಮವರು ಬೋರ್ಡು ಬದಲಾದರೆ ಸಾಕು ಎಂದುಕೊಂಡಿದ್ದಾರೆ.

ದೊಡ್ಡ ಯೋಜನೆ ಬಂದರೆ ಊರು ತಾನಾಗಿ ಬೆಳೆಯುತ್ತದೆ ಎನ್ನುವವರಿಗೆ ಕೂಡಗಿ ಸಾಕು. ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನ ನೆಲದಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರ ನಿಂತಿದೆ. 2014ರ ಜುಲೈನಲ್ಲಿ ಅಲ್ಲಿ ಪ್ರತಿಭಟನೆಗೆ ಇಳಿದ ರೈತರ ಮೇಲೆ ಗುಂಡು ಹಾರಿತು. ನೀರು ಆಲಮಟ್ಟಿಯದು, ಬೂದಿ ಸುತ್ತಲಿನ ಹಳ್ಳಿಗಳದು, ವಿದ್ಯುತ್ತು ದಕ್ಷಿಣದ ರಾಜ್ಯಗಳದು. ಬಾಗೇವಾಡಿ ಪೇಟೆಯನ್ನು ಇವತ್ತಿಗೂ ನಡೆಸುತ್ತಿರುವುದು ಕೃಷಿಯ ವ್ಯಾಪಾರ, ಸಂತೆ ಮತ್ತು ಬಸವಣ್ಣನ ಹೆಸರಿಗೆ ಬರುವ ಭಕ್ತರು.

ಆಲಮಟ್ಟಿಯ ಕಥೆ ಇನ್ನೂ ದೊಡ್ಡದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಆ ಅಣೆಕಟ್ಟೆಯ ಹಿನ್ನೀರಿಗೆ ನಮ್ಮ ಕೃಷ್ಣಾ ದಂಡೆಯ ಹೊಲಗಳು ಹೋದವು, ಹಳೇ ಕೊಲ್ಹಾರ ಹೋಯಿತು. ಈಗ ಅದನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಿದರೆ ಇನ್ನೂ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ತೀರ್ಮಾನಿಸಿತು. ಬರಬೇಕಾದದ್ದೇ, ತಡವಾಗಿ ಬಂತು. ಆದರೆ ಮುಳುಗಿದವನು ಆ ದುಡ್ಡು ಹಿಡಿದು ಬದಲಿ ಹೊಲ ಹುಡುಕಿಕೊಂಡು ಬರುವಾಗ ಅವನಿಗೆ ಹೊಲ ಉಳಿದಿರಬೇಕಲ್ಲ? ಒಂದು ಕಡೆ ನದಿ ದಂಡೆ ನೀರಿಗೆ, ಇನ್ನೊಂದು ಕಡೆ ರಸ್ತೆ ದಂಡೆ ಪ್ಲಾಟಿಗೆ. ನಡುವೆ ಉಳಿದ ಎರಿಗೆ ಏತ ನೀರಾವರಿಯ ನೀರು ಹರಿಸಲು ಸರ್ಕಾರ ಸಾವಿರಾರು ಕೋಟಿ ಸುರಿಯುತ್ತಿದೆ: ಮುಳವಾಡ, ಚಿಮ್ಮಲಗಿ, ಬೂದಿಹಾಳ-ಪೀರಾಪುರ, ಇಂಡಿ ಭಾಗಕ್ಕೆ ರೇವಣಸಿದ್ಧೇಶ್ವರ. ಹೊಲ ಮುಳುಗಿಸಿ ತಂದ ನೀರು ಕೊನೆಗೆ ತಲುಪುವ ಕಡೆ ಹೊಲದ ಬದಲು ಕಲ್ಲು ನೆಟ್ಟ ಲೇಔಟ್ ಇದ್ದರೆ, ಮುಳುಗಿದವರಿಗೆ ಮಾಡುವ ದ್ರೋಹ ಅದಕ್ಕಿಂತ ಬೇರೆ ಬೇಕಿಲ್ಲ.

ಹಾಗಾದರೆ ಊರು ಬೆಳೆಯುವುದು ಬೇಡವೇ? ಬೇಕು. ಮುದ್ದೇಬಿಹಾಳಕ್ಕೂ ಸಿಂದಗಿಗೂ ಇವತ್ತಿಗೂ ರೈಲಿಲ್ಲ. ಇಂಡಿಯ ರೈಲು ನಿಲ್ದಾಣ ಊರಿಂದ ದೂರ, ಅದಕ್ಕೇ ಅದರ ಹೆಸರು ಇಂಡಿ ರೋಡ್. ಆಸ್ಪತ್ರೆ, ಕಾಲೇಜು, ಗೋದಾಮು, ಕೋಲ್ಡ್ ಸ್ಟೋರೇಜ್ ಎಲ್ಲವೂ ಬೇಕು. ನನ್ನ ಜಗಳ ಊರು ಯಾವುದರ ಮೇಲೆ ಬೆಳೆಯಬೇಕು ಎಂಬುದರದು. ಸೊಲ್ಲಾಪುರ ನಮಗೆ ಕೂಗಳತೆಯ ದೂರ. 19ನೇ ಶತಮಾನದ ಕೊನೆಗೆ ಅದು ಬೆಳೆದದ್ದು ಬಟ್ಟೆ ಗಿರಣಿಗಳಿಂದ. ಆ ಗಿರಣಿಗಳಿಗೆ ಬೇಕಾದ ಹತ್ತಿ ಇಂಥ ಕಪ್ಪು ಮಣ್ಣಿನಲ್ಲೇ ಬೆಳೆಯುವುದು. ಹತ್ತಿ ಬೆಳೆಯುವ ಸೀಮೆಯ ನಡುವೆ ಕೆಲಸ ನಿಂತಿತು, ಕೆಲಸದ ಹಿಂದೆ ಜನ ಬಂದರು, ಜನರ ಹಿಂದೆ ಮನೆಗಳು ಬಂದವು. ನಮ್ಮಲ್ಲಿ ಮೊದಲು ಪ್ಲಾಟು ಬರುತ್ತದೆ, ಅದರ ಹಿಂದೆ ಏನೂ ಬರುವುದಿಲ್ಲ.

ಇಂಡಿಯ ಲಿಂಬೆಯನ್ನೇ ನೋಡಿ. ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲೇ ಇದೆ, 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಗುರುತೂ ಸಿಕ್ಕಿತು. ಬೇಸಿಗೆಯಲ್ಲಿ ಹಣ್ಣಿಗೆ ಬಂಗಾರದ ಬೆಲೆ, ಮಳೆಗಾಲದಲ್ಲಿ ಆರಿಸಿದ ಕೂಲಿಯೂ ಗಿಟ್ಟುವುದಿಲ್ಲ. ಚೀಲಕ್ಕೆ ತುಂಬಿ ಲಾರಿಗೆ ಹಾಕಿ ಹೊರ ರಾಜ್ಯಕ್ಕೆ ಕಳಿಸುವುದರಲ್ಲಿ ಊರಿನ ಪಾಲಿಗೆ ಹಮಾಲಿ ಮತ್ತು ಅಡತಿ ಬಿಟ್ಟರೆ ಏನೂ ಉಳಿಯುವುದಿಲ್ಲ. ರಸ, ಉಪ್ಪಿನಕಾಯಿ, ಸಿಪ್ಪೆಯ ಎಣ್ಣೆ, ಒಣಗಿಸಿದ ಲಿಂಬೆ, ಇವನ್ನು ದೊಡ್ಡ ಪ್ರಮಾಣದಲ್ಲಿ ಇಲ್ಲೇ ಮಾಡಿದರೆ ಬರುವ ಕೆಲಸ ಎಷ್ಟು ಜನರನ್ನು ಗೋವಾ ಬಸ್ಸಿನಿಂದ ಇಳಿಸಬಹುದು ಎಂದು ಯೋಚಿಸಿ. ತೊಗರಿಗೆ ಬೇಳೆ ಗಿರಣಿ, ಕಡಲೆಗೆ ಹಿಟ್ಟಿನ ಗಿರಣಿ ತಾಲ್ಲೂಕಿನೊಳಗೇ ನಿಲ್ಲಲಿ. ಕಡಕ್ ರೊಟ್ಟಿ ಬಡಿದು ದೂರದ ಊರುಗಳಿಗೆ ಕಳಿಸುವ ಹೆಣ್ಣುಮಕ್ಕಳು ಈಗಾಗಲೇ ದಾರಿ ತೋರಿಸಿದ್ದಾರೆ. ಕೊಲ್ಹಾರದ ಊರು ಮುಳುಗಿದರೂ ಗಡಿಗೆ ಮೊಸರಿನ ಹೆಸರು ಮುಳುಗಲಿಲ್ಲ, ಯಾಕೆಂದರೆ ಎಮ್ಮೆ ಸಾಕುವ ಹಳ್ಳಿಗಳು ಉಳಿದವು. ಇಂಥ ಊರಿಗೆ ಜಾಗ ಬೇಕಾದರೆ ಮಡ್ಡಿ ಇದೆ. ಗಿರಣಿಗೂ ಗೋದಾಮಿಗೂ ಮನೆಗೂ ಅದೇ ಯೋಗ್ಯ ನೆಲ. ರಸ್ತೆ ಬದಿಯ ಎರಿ ಬಿಟ್ಟು ಮಡ್ಡಿಗೆ ರಸ್ತೆ ಒಯ್ಯಲು ಖರ್ಚಾಗುತ್ತದೆ ಎಂದು ಹೇಳುವವರು, ಹೋದ ಎರಿಯನ್ನು ಎಷ್ಟು ಖರ್ಚು ಮಾಡಿದರೂ ಮರಳಿ ತರಲಾಗದು ಎಂಬುದನ್ನೂ ಲೆಕ್ಕಕ್ಕೆ ಸೇರಿಸಲಿ.

ಇದನ್ನೆಲ್ಲ ತೀರ್ಮಾನಿಸಬೇಕಾದವರು ಯಾರು ಎಂಬುದಕ್ಕೆ ಸಂವಿಧಾನದಲ್ಲೇ ಉತ್ತರವಿದೆ. 74ನೇ ತಿದ್ದುಪಡಿ ತಂದ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೆ ಒಂದು ಯೋಜನಾ ಸಮಿತಿ ಇರಬೇಕು ಎನ್ನುತ್ತದೆ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯ್ತಿ ಮತ್ತು ಪುರಸಭೆಗಳ ಚುನಾಯಿತರಿಂದಲೇ ಬರಬೇಕು, ಅದೂ ಜಿಲ್ಲೆಯ ಹಳ್ಳಿ-ಪಟ್ಟಣದ ಜನಸಂಖ್ಯೆಯ ಅನುಪಾತದಲ್ಲಿ. ಜಾಗದ ಬಳಕೆ, ನೀರಿನ ಹಂಚಿಕೆ, ನೈಸರ್ಗಿಕ ಸಂಪತ್ತು, ಈ ವಿಷಯಗಳಲ್ಲಿ ಪಂಚಾಯ್ತಿಗೂ ಪುರಸಭೆಗೂ ಸಮಾನವಾದ ಹಿತವನ್ನು ತೂಗಿ ಯೋಜನೆ ಮಾಡುವುದು ಅದರ ಕೆಲಸ. ನಮ್ಮ ಜಿಲ್ಲೆಯ ಅನುಪಾತ ನೋಡಿದರೆ ಆ ಸಮಿತಿಯ ಚುನಾಯಿತ ಸದಸ್ಯರಲ್ಲಿ ಹಳ್ಳಿಯ ದನಿ ಮುಕ್ಕಾಲು ಭಾಗ ಇರಬೇಕು. ಆದರೆ 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಕುರ್ಚಿಯಲ್ಲಿ ಕೂತರು. ಆ ಅವಧಿಯಲ್ಲೂ ಹೊಲಗಳು ಎನ್‌ಎ ಆಗುವುದು ನಿಲ್ಲಲಿಲ್ಲ. ಹಳ್ಳಿಯ ದನಿಯೇ ಇಲ್ಲದ ಹೊತ್ತಿನಲ್ಲಿ ಹಳ್ಳಿಯ ನೆಲದ ಹಣೆಬರಹ ಬರೆಯುವುದು ನ್ಯಾಯವಲ್ಲ.

ಇಂಡಿ ಜಿಲ್ಲೆಯಾಗಲಿ ಎಂದು ಕೇಳುವವರ ಕಳಕಳಿ ನನಗೆ ಅರ್ಥವಾಗುತ್ತದೆ. ಕಚೇರಿ ಹತ್ತಿರ ಬರಲಿ ಎಂಬ ಆಸೆ ತಪ್ಪಲ್ಲ. ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ಇವೆಲ್ಲ ಇದೇ ನಾಲ್ಕು ತಾಲ್ಲೂಕುಗಳನ್ನು ಒಡೆದು ಹೊಸ ತಾಲ್ಲೂಕುಗಳಾದವು. ಆ ಊರುಗಳ ರಸ್ತೆ ಬದಿಯಲ್ಲಿ ತಾಲ್ಲೂಕು ಘೋಷಣೆಯ ಬೆನ್ನಿಗೇ ಏನು ಎದ್ದಿತು, ಕಚೇರಿಗಳೋ ಪ್ಲಾಟುಗಳೋ, ಅಲ್ಲಿಯವರನ್ನೇ ಕೇಳಿ. ಹೊಸ ಜಿಲ್ಲೆಯ ಹೋರಾಟದ ಬೇಡಿಕೆ ಪಟ್ಟಿಯಲ್ಲಿ ಎರಿ ಹೊಲದ ರಕ್ಷಣೆಯೂ ಸೇರಲಿ, ಆಗ ಅದಕ್ಕೆ ನನ್ನ ಬೆಂಬಲವೂ ಇದೆ.

ಜಿಲ್ಲಾ ಪಂಚಾಯ್ತಿಯ ಚುನಾಯಿತ ಸದಸ್ಯರು ಕೂತ ಯೋಜನಾ ಸಮಿತಿ ಉತಾರದ ಮಣ್ಣಿನ ಕಾಲಂ ಎದುರಿಟ್ಟುಕೊಂಡು ಎರಿ ಯಾವುದು, ಮಡ್ಡಿ ಯಾವುದು ಎಂದು ನಾಲ್ಕೂ ತಾಲ್ಲೂಕುಗಳ ನಕ್ಷೆ ಮಾಡಲಿ. ಈಗಾಗಲೇ ಬಿದ್ದಿರುವ ಪ್ಲಾಟುಗಳಲ್ಲಿ ಮನೆಗಳು ಏಳಲಿ, ಖಾಲಿ ಇಟ್ಟವರ ಮೇಲೆ ಪುರಸಭೆ ಹೆಚ್ಚಿನ ತೆರಿಗೆ ಹಾಕಲಿ. ಅಲ್ಲಿಯ ತನಕ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಊರುಗಳ ಸುತ್ತ ಎರಿ ಹೊಲಕ್ಕೆ ಒಂದೇ ಒಂದು ಎನ್‌ಎ ಆದೇಶವನ್ನೂ ಜಿಲ್ಲಾಡಳಿತ ಕೊಡಬಾರದು.